ಕಾಂಡೋಮ್ ಹರಿದರೆ ಏನು ಮಾಡಬೇಕು?

ಪ್ರಶ್ನೆ: ಕಾಂಡೋಮ್ ಹರಿದರೆ ಮರುದಿನವೇ ರಕ್ತಪರೀಕ್ಷೆ ಮಾಡಿಸಿದರೆ ಎಚ್‌ಐವಿ ತಗುಲಿದೆಯೋ ಇಲ್ಲವೋ ಗೊತ್ತಾಗುತ್ತದೆಯೇ? ಚೆನ್ನಾಗಿ ತೊಳೆದುಕೊಂಡರೆ ಸಾಕಲ್ಲವೇ?

ಉತ್ತರ: ಗೊತ್ತಾಗುವುದಿಲ್ಲ. ಮರುದಿನದ ಪರೀಕ್ಷೆ ಹೇಳುವುದು ನಿಮ್ಮ ಹಿಂದಿನ ಸ್ಥಿತಿಯನ್ನಷ್ಟೇ. ಒಳಗೆಲ್ಲ ಉಜ್ಜಿ ತೊಳೆಯಲೇಬೇಡಿ. ಒಳಪೊರೆಗೆ ಗಾಯವಾದರೆ ವೈರಸ್‌ಗೆ ದಾರಿ ಇನ್ನೂ ಸಲೀಸು. ತಡಮಾಡದೆ ವೈದ್ಯರನ್ನು ಕಂಡು, ನಡೆದದ್ದನ್ನು ಸಂಕೋಚವಿಲ್ಲದೆ ಹೇಳಿ, ‘ಪೆಪ್’ (ಇಂಥ ಅಪಾಯದ ನಂತರ ಎಚ್‌ಐವಿ ತಗುಲದಂತೆ ತಡೆಯಲು ಕೊಡುವ) ಮಾತ್ರೆ ಬೇಕೇ ಎಂದು ಕೇಳಿ. ಅದು 72 ಗಂಟೆಯೊಳಗೆ ಶುರುವಾಗಬೇಕು. ಹಾಗೆಂದು ಮೂರನೇ ದಿನದವರೆಗೆ ಕಾಯಬೇಡಿ, ವೈರಸ್ ದೇಹದಲ್ಲಿ ನೆಲೆಯೂರುವ ಮೊದಲೇ ತಡೆಯಬೇಕು, ಒಂದೊಂದು ಗಂಟೆಯೂ ಮುಖ್ಯ. ಮಾತ್ರೆ ಪೂರ್ತಿ 28 ದಿನ. ಹೊಟ್ಟೆ ತೊಳಸಿದರೂ ನಡುವೆ ನಿಲ್ಲಿಸಬೇಡಿ. ವಾಕರಿಕೆಗೆ ಬೇರೆ ಔಷಧವಿದೆ. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಕಾಂಡೋಮ್ ಬಳಸಿ, ರಕ್ತದಾನ ಬೇಡ.