ಹೊಟ್ಟೆ ಕ್ಯಾನ್ಸರ್ ನಾಲ್ಕನೇ ಸ್ಟೇಜ್: ಜಮೀನು ಮಾರಿ ಇಮ್ಯುನೋಥೆರಪಿ ಕೊಡಿಸಬಹುದಾ?

ನಿಮ್ಮ ತಂದೆಗೆ 61 ವರ್ಷ, ಹೊಟ್ಟೆಯ ಕ್ಯಾನ್ಸರ್ ಲಿವರ್‌ಗೂ ಹರಡಿದೆ, ಕೀಮೋ ಜೊತೆ ಇಮ್ಯುನೋಥೆರಪಿ ಕೊಡೋಣ ಅಂತ ಡಾಕ್ಟರ್ ಹೇಳಿದ್ದಾರೆ, ಜಮೀನು ಮಾರಿ ಕೊಡಿಸಿದರೆ ಗುಣ ಆಗುತ್ತಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಆದರೆ 2022ರ ಫೆಬ್ರವರಿಯಲ್ಲಿ ನಮ್ಮ ಅಮ್ಮನಿಗೂ ಇದೇ ಕಾಯಿಲೆ, ಇದೇ ಹಂತ. ಸಾಗರದಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಓಡಾಡಿ ಕಲಿತದ್ದನ್ನು ಹೇಳುತ್ತೇನೆ.

ಜಮೀನಿನ ಮಾತು ಆಮೇಲೆ. ಮೊದಲು ಬ್ಲಾಕ್ ಹುಡುಕಿ. ಎಂಡೋಸ್ಕೋಪಿಯಲ್ಲಿ ತೆಗೆದ ಚೂರನ್ನು ಲ್ಯಾಬಿನವರು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ, ಅದೇ ಬ್ಲಾಕ್. ಅದರ ಮೇಲೆ ಮೂರು ಟೆಸ್ಟ್ ಆಗಿರಬೇಕು: ಹರ್-2 (ಕ್ಯಾನ್ಸರ್ ಕಣದ ಮೇಲೆ ಇರಬಹುದಾದ ಒಂದು ಪ್ರೊಟೀನ್), ಎಂಎಂಆರ್ (ಕಣದ ಡಿಎನ್‌ಎಯಲ್ಲಿ ಆಗುವ ತಪ್ಪನ್ನು ತಿದ್ದುವ ವ್ಯವಸ್ಥೆ, ಈ ಟೆಸ್ಟ್‌ಗೆ ಕೆಲವು ಕಡೆ ಎಂಎಸ್‌ಐ ಅಂತಾರೆ), ಮತ್ತೆ ಪಿಡಿ-ಎಲ್1 (ಇದೇನು ಅಂತ ಮುಂದೆ ಹೇಳುತ್ತೇನೆ). ನಾವು ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ಹರ್-2 ಒಂದೇ ಮಾಡಿದ್ದರು. ಉಳಿದೆರಡರ ಹೆಸರು ಕೇಳಿದ್ದೇ ಸೆಕೆಂಡ್ ಒಪಿನಿಯನ್‌ಗೆ ಹೋದಾಗ. ಆಮೇಲೆ ಹಳೇ ಲ್ಯಾಬಿನಿಂದ ಬ್ಲಾಕ್ ಬಿಡಿಸಿಕೊಂಡು ಬರುವಷ್ಟರಲ್ಲಿ ಎರಡು ವಾರ ಹೋಯಿತು. ಆ ಎರಡು ವಾರ ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತೆ. ನೀವು ನಾಳೆಯೇ ಕೇಳಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಈ ಔಷಧಿ ಎಲ್ಲರಿಗೂ ಒಂದೇ ಥರ ಕೆಲಸ ಮಾಡುವುದಿಲ್ಲ. ನಮ್ಮ ರಕ್ತದಲ್ಲಿ ರೋಗದ ಜೊತೆ ಹೋರಾಡುವ ಟಿ ಕಣಗಳಿಗೆ ಪಿಡಿ-1 ಅಂತ ಒಂದು ಬ್ರೇಕ್ ಇದೆ. ಜಪಾನಿನ ಕ್ಯೋಟೋದಲ್ಲಿ ತಸುಕು ಹೊಂಜೊ ಅವರ ತಂಡ 1992ರಲ್ಲಿ ಅದನ್ನು ಗುರುತಿಸಿತು, 2018ರಲ್ಲಿ ಅವರಿಗೆ ನೊಬೆಲ್ ಬಂತು. ಕ್ಯಾನ್ಸರ್ ಕಣ ಪಿಡಿ-ಎಲ್1 ಅನ್ನುವುದನ್ನು ಬಳಸಿ ಆ ಬ್ರೇಕ್ ಒತ್ತಿ ಹಿಡಿಯುತ್ತೆ. ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಅನ್ನುವ ಇಮ್ಯುನೋಥೆರಪಿ ಔಷಧಿಗಳು ಅದನ್ನು ಬಿಡಿಸುತ್ತವೆ. ಹಾಗಾಗಿ ಯಾರ ಗಡ್ಡೆಯಲ್ಲಿ ಪಿಡಿ-ಎಲ್1 ಜಾಸ್ತಿ ಇದೆಯೋ ಅವರಿಗೆ ಉಪಯೋಗ ಜಾಸ್ತಿ. ರಿಪೋರ್ಟಿನಲ್ಲಿ ಇದನ್ನು ಸಿಪಿಎಸ್ ಅಂತ ಒಂದು ಅಂಕಿಯಲ್ಲಿ ಕೊಡುತ್ತಾರೆ.

ಈಗ ನಿಮ್ಮ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ನಿವೊಲುಮ್ಯಾಬ್ ಮೇಲೆ ಚೆಕ್‌ಮೇಟ್-649 ಅಂತ ಒಂದು ದೊಡ್ಡ ಅಧ್ಯಯನ ಆಯಿತು, 2021ರಲ್ಲಿ ಪ್ರಕಟವಾಯಿತು. ಹರ್-2 ಪಾಸಿಟಿವ್ ಇದ್ದವರನ್ನು ಅದರಲ್ಲಿ ಸೇರಿಸಿರಲಿಲ್ಲ. ಸಿಪಿಎಸ್ 5 ಅಥವಾ ಅದಕ್ಕಿಂತ ಜಾಸ್ತಿ ಇದ್ದವರಲ್ಲಿ ಬರೀ ಕೀಮೋ ತಗೊಂಡವರ ಪೈಕಿ ಅರ್ಧ ಜನ 11.1 ತಿಂಗಳು ದಾಟಿದರು, ಕೀಮೋ ಜೊತೆ ಇದೂ ಸಿಕ್ಕವರ ಪೈಕಿ ಅರ್ಧ ಜನ 14.4 ತಿಂಗಳು ದಾಟಿದರು. ಮೂರೇ ತಿಂಗಳಾ ಅನ್ನಿಸುತ್ತೆ, ನನಗೂ ಹಾಗೇ ಅನ್ನಿಸಿತ್ತು. ಆದರೆ ಮೂರು ವರ್ಷದ ಲೆಕ್ಕ ನೋಡಿ: ಬರೀ ಕೀಮೋದಲ್ಲಿ ನೂರಕ್ಕೆ 10 ಜನ ಉಳಿದಿದ್ದರು, ಇದನ್ನು ಸೇರಿಸಿದಾಗ 21. ಗುಣ ಆಗುತ್ತೆ ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಕೆಲವರಿಗೆ ತುಂಬಾ ದಿನ ಸಿಗುತ್ತೆ, ಆ ಕೆಲವರು ಯಾರು ಅಂತ ಮುಂಚೆ ಹೇಳಲು ಆಗುವುದಿಲ್ಲ, ಅಷ್ಟೇ.

ಎಂಎಂಆರ್ ಕೆಟ್ಟಿದೆ ಅಂತ ಬಂದರೆ ಮಾತ್ರ ವಿಷಯ ಬೇರೆ. ನಾಲ್ಕನೇ ಹಂತದಲ್ಲಿ ಅಂಥವರು ತೀರಾ ಕಡಿಮೆ, ನೂರಕ್ಕೆ ನಾಲ್ಕೈದು ಜನ. ಅವರಲ್ಲಿ ಈ ಔಷಧಿ ಚೆನ್ನಾಗಿ ನಾಟುತ್ತೆ, ವರ್ಷಗಟ್ಟಲೆ ಇರುವವರಿದ್ದಾರೆ. ಅಪ್ಪನ ರಿಪೋರ್ಟ್ ಹಾಗೆ ಬಂದರೆ ಸಾಲ ಮಾಡಿಯಾದರೂ ಕೊಡಿಸಿ ಅಂತೀನಿ. ಸಿಪಿಎಸ್ 1ಕ್ಕಿಂತ ಕಡಿಮೆ ಬಂದರೆ, ಎಂಎಂಆರ್ ಕೂಡ ಸರಿಯಾಗೇ ಇದ್ದರೆ, ಜಮೀನು ಮಾರಬೇಡಿ. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಕೂರಿಸಿದ ತಜ್ಞರೇ, 1ಕ್ಕಿಂತ ಕಡಿಮೆ ಇದ್ದವರಿಗೆ ಇದರ ಲಾಭ ಅಪಾಯಕ್ಕೆ ತಕ್ಕಷ್ಟಿಲ್ಲ ಅಂತ ಹೆಚ್ಚಿನ ಮತ ಹಾಕಿದರು. ಹರ್-2 ಪಾಸಿಟಿವ್ ಆದರೆ ಟ್ರಾಸ್ಟುಜುಮ್ಯಾಬ್ ಅಂತ ಬೇರೆ ಔಷಧಿ ಮೊದಲು ಬರುತ್ತೆ, ಅದರ ಬಗ್ಗೆ ಡಾಕ್ಟರ್ ಹತ್ತಿರವೇ ಮಾತಾಡಿ.

ಅಮ್ಮನಿಗೆ ಸಿಪಿಎಸ್ 10 ಬಂತು, ಕೊಡಿಸಿದೆವು. ಮೂರು ವಾರಕ್ಕೊಮ್ಮೆ ಡ್ರಿಪ್, ಒಂದೊಂದು ಸಲಕ್ಕೂ ಬಿಲ್ ಲಕ್ಷದ ಮೇಲೆ. ಔಷಧಿ ಕಂಪನಿಗಳ ಪೇಷೆಂಟ್ ಸ್ಕೀಮ್ ಇರುತ್ತೆ, ಇಷ್ಟು ಡೋಸ್ ಕೊಂಡರೆ ಮುಂದಿನವು ಉಚಿತ ಅನ್ನುವ ಥರ. ನಾವು ಕೇಳಿದ್ದು ತಡವಾಗಿ. ನೀವು ಮೊದಲ ಡೋಸ್‌ಗೆ ಮುಂಚೆನೇ ಕೇಳಿ.

ಇನ್ನೊಂದು ಬಹಳ ಮುಖ್ಯ. ನಾಲ್ಕನೇ ಡೋಸ್ ಆದ ಮೇಲೆ ಅಮ್ಮನಿಗೆ ದಿನಕ್ಕೆ ಏಳೆಂಟು ಸಲ ಭೇದಿ ಶುರುವಾಯಿತು. ದಾರಿಯಲ್ಲಿ ತಿಂದಿದ್ದು ಆಗಿಬರಲಿಲ್ಲ ಅಂದುಕೊಂಡು ಮಜ್ಜಿಗೆ, ದಾಳಿಂಬೆ ಸಿಪ್ಪೆ ಕಷಾಯ ಅಂತ ಮೂರು ದಿನ ಕಳೆದೆವು. ನಿಜವಾಗಿ ಬ್ರೇಕ್ ಬಿಟ್ಟ ಆ ಕಣಗಳು ಅಮ್ಮನ ಕರುಳಿನ ಮೇಲೇ ಬಿದ್ದಿದ್ದವು. ಅಡ್ಮಿಟ್ ಮಾಡಿ ಸ್ಟಿರಾಯ್ಡ್ ಕೊಟ್ಟ ಮೇಲೆ ನಿಂತಿತು. ಇನ್ನೊಂದು ದಿನ ಬಿಟ್ಟಿದ್ದರೆ ಏನಾಗುತ್ತಿತ್ತೋ. ಭೇದಿ, ಹೊಸ ಕೆಮ್ಮು, ಉಸಿರಾಟದ ತೊಂದರೆ, ಕಣ್ಣು ಹಳದಿ ಆಗುವುದು, ಇವುಗಳಲ್ಲಿ ಯಾವುದು ಕಂಡರೂ ಅವತ್ತೇ ಫೋನ್ ಮಾಡಿ, ಮನೆಮದ್ದು ಬೇಡವೇ ಬೇಡ. ನಿಮ್ಮೂರಿನ ಡಾಕ್ಟರಿಗೂ ಇಮ್ಯುನೋಥೆರಪಿ ನಡೀತಿದೆ ಅಂತ ಮೊದಲೇ ಹೇಳಿ, ಕೀಮೋ ಅಂತ ಮಾತ್ರ ಹೇಳಿದರೆ ಅವರು ಬೇರೆ ಏನೋ ಅಂದುಕೊಳ್ಳುತ್ತಾರೆ. ಅಮ್ಮನ ಥೈರಾಯ್ಡ್ ಕೂಡ ಕೆಟ್ಟಿತು, ಆದರೆ ಅದಕ್ಕೆ ಬೆಳಿಗ್ಗೆ ಒಂದು ಮಾತ್ರೆ ಸಾಕಾಯಿತು.

ಅಮ್ಮ ಇಪ್ಪತ್ತು ತಿಂಗಳು ಇದ್ದರು. ಎರಡು ವರ್ಷದ ಮಿಡಿ ಉಪ್ಪಿನಕಾಯಿ ಅವರೇ ಕೂತು ಹಾಕಿದರು, ಎರಡನೇ ವರ್ಷದ ಭರಣಿ ಇನ್ನೂ ಖಾಲಿಯಾಗಿಲ್ಲ.

ಜಮೀನಿನ ಬಗ್ಗೆ ನನಗೆ ಅನ್ನಿಸುವುದು ಇಷ್ಟು. ಅದು ಅಪ್ಪನ ಜಮೀನು ಅಲ್ವಾ, ಅವರನ್ನೇ ಕೇಳಿ. ನಾವು ಮೊದಲ ತಿಂಗಳು ಅಮ್ಮನಿಂದ ಎಲ್ಲ ಮುಚ್ಚಿಟ್ಟಿದ್ದೆವು. ಗೊತ್ತಾದ ದಿನ ಅವರು ಅತ್ತಿದ್ದು ಕಾಯಿಲೆಗಲ್ಲ, ನಾವು ಕೇಳಲಿಲ್ಲ ಅಂತ. ಟೆಸ್ಟ್ ರಿಪೋರ್ಟ್ ಕೈಗೆ ಬಂದ ದಿನ ಅದನ್ನು ಅಪ್ಪನ ಮುಂದಿಟ್ಟು, ಖರ್ಚು ಎಷ್ಟು, ಸಿಗುವುದು ಏನು ಅಂತ ಎರಡನ್ನೂ ಹೇಳಿ. ಸಿಪಿಎಸ್ ಎಷ್ಟು ಬಂತು ಅಂತ ಇಲ್ಲೂ ಬರೆಯಿರಿ, ನಾನು ನೋಡುತ್ತಿರುತ್ತೇನೆ.