ಗದ್ದೆಯ ಮೆಕ್ಕೆಜೋಳಕ್ಕೆ ಬಿಳಿ ಪಟ್ಟೆ ಏಕೆ? – ಸಂಪಾದಕರ ಉತ್ತರ

ಮಾನ್ಯರೇ,

ಭದ್ರಾ ಕಾಲುವೆಯ ಕೆಳಗಿನ ತಗ್ಗು ಗದ್ದೆಯಲ್ಲಿ ಭತ್ತ ಕೊಯ್ದ ಮೇಲೆ ಬಿತ್ತಿದ ಮೆಕ್ಕೆಜೋಳ ಮೂರನೆಯ ವಾರಕ್ಕೆ ಬಿಳಿಚಿಕೊಂಡಿತೆಂದೂ, ಎರಡು ಸಲ ಯೂರಿಯಾ ಕೊಟ್ಟರೂ ಬಣ್ಣ ತಿರುಗಲಿಲ್ಲವೆಂದೂ, ಗದ್ದೆ ಮಟ್ಟ ಮಾಡುವಾಗ ಮಣ್ಣು ಕೆರೆದ ಮೂಲೆಯಲ್ಲೇ ಇದು ಹೆಚ್ಚೆಂದೂ ಬರೆದಿದ್ದೀರಿ. ಕೊನೆಯ ಆ ಮಾತೇ ನಮಗೆ ಹೆಚ್ಚು ಸುಳಿವು ಕೊಟ್ಟಿತು.

ಸಾರಜನಕ ಸಾಲದಿದ್ದರೆ ಹಳದಿ ಬಣ್ಣವು ಕೆಳಗಿನ ಹಳೆಯ ಎಲೆಗಳ ತುದಿಯಿಂದ ಹೊರಟು ನಡುನರದ ಗುಂಟ ಇಳಿಯುತ್ತದೆ. ನೀವು ವರ್ಣಿಸಿದಂತೆ ಸುಳಿಯ ಬಳಿಯ ಎಳೆಯ ಎಲೆಗಳಲ್ಲಿ, ಅದರಲ್ಲೂ ಎಲೆಯ ಬುಡದ ಅರ್ಧದಲ್ಲಿ, ನಡುನರದ ಎರಡೂ ಪಕ್ಕ ಅಗಲವಾದ ಬಿಳಿ ಪಟ್ಟೆ ಮೂಡಿದ್ದರೆ ಅದು ಸತುವಿನ (ಜಿಂಕ್) ಕೊರತೆ, ಯೂರಿಯಾಕ್ಕೆ ಬಗ್ಗುವಂಥದಲ್ಲ.

ತಿಂಗಳುಗಟ್ಟಲೆ ನೀರು ನಿಂತು ಗಾಳಿಯಾಡದ ಮಣ್ಣಿನಲ್ಲಿ ಸತುವು ಸಲ್ಫೈಡ್, ಕಾರ್ಬೊನೇಟ್‌ಗಳಾಗಿ ಕರಗದ ರೂಪಕ್ಕೆ ತಿರುಗುತ್ತದೆ. 1966ರಲ್ಲಿ ಪಂತನಗರ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿ ವೈ. ಎಲ್. ನೆನೆ ಅವರು ಭತ್ತದ ‘ಖೈರಾ’ ರೋಗದ ಮೂಲ ಸತುವಿನ ಕೊರತೆಯೆಂದು ಗುರುತಿಸಿದ್ದು ಹಿಮಾಲಯದ ಬುಡದ, ಇಂಥದೇ ಜೌಗಿನ ತರಾಯಿ ಗದ್ದೆಗಳಲ್ಲಿ. ಬೆಳೆ ಬೆಳೆಗೂ ಸುರಿದ, ರಂಜಕ ಹೆಚ್ಚಿರುವ ಡಿಎಪಿ ಗೊಬ್ಬರದಿಂದ ಕೂಡಿಕೊಂಡ ರಂಜಕವೂ ಬೇರು ಸತುವನ್ನು ಹೀರದಂತೆ ಅಡ್ಡಿಪಡಿಸುತ್ತದೆ. ಕೆರೆದ ಮೂಲೆಯಲ್ಲಂತೂ ಸತುವನ್ನೂ ಸಾವಯವ ಅಂಶವನ್ನೂ ಹಿಡಿದಿದ್ದ ಮೇಲ್ಮಣ್ಣೇ ಹೋಗಿದೆ. 2009ರಲ್ಲಿ ಆರಂಭವಾದ ಕರ್ನಾಟಕ ಸರ್ಕಾರದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳು ಮಳೆಯಾಶ್ರಿತ ಹೊಲಗಳಲ್ಲಿ ಸತು, ಬೋರಾನ್, ಗಂಧಕಗಳ ಕೊರತೆಯನ್ನು ಬಯಲಿಗಿಟ್ಟವು. ಅದು ಒಣಭೂಮಿಯವರ ತೊಂದರೆಯೆಂದು ನೀರಾವರಿಯ ನಾವು ಸುಮ್ಮನಿದ್ದುದು ತಪ್ಪು ಎನ್ನುವುದು ನಮ್ಮ ಅನಿಸಿಕೆ.

ಈಗ ನಿಂತ ಬೆಳೆಗೆ ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, ಎಲೆ ಸುಡದಂತೆ 2.5 ಗ್ರಾಂ ಸುಣ್ಣ ಕದಡಿದ ತಿಳಿ ಸೇರಿಸಿ, ವಾರ ಹತ್ತು ದಿನದ ಅಂತರದಲ್ಲಿ ಎರಡು ಸಲ ಸಿಂಪಡಿಸಿ. ಮುಂದಿನ ಬಿತ್ತನೆಗೆ ಮೊದಲು ಎಕರೆಗೆ 10 ಕಿಲೋ ಜಿಂಕ್ ಸಲ್ಫೇಟನ್ನು ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಿ ಕೊಡಿ, ಡಿಎಪಿಯ ಜೊತೆ ಮಾತ್ರ ಕಲಸಬೇಡಿ. ಒಮ್ಮೆ ಕೊಟ್ಟದ್ದು ಎರಡು ಮೂರು ಬೆಳೆಗೆ ಒದಗುವುದರಿಂದ ಪ್ರತಿ ಬೆಳೆಗೂ ಹಾಕುವ ಅಗತ್ಯವಿಲ್ಲ.

ಅದಕ್ಕೂ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ, ಸತುವಿನಂಥ ಲಘು ಪೋಷಕಾಂಶಗಳನ್ನೂ ನೋಡಬೇಕೆಂದು ಕೇಳಿ. ಲಭ್ಯ ಸತುವು 0.6 ಪಿಪಿಎಮ್‌ಗಿಂತ (ಹತ್ತು ಲಕ್ಷ ಪಾಲು ಮಣ್ಣಿನಲ್ಲಿ 0.6 ಪಾಲು) ಕೆಳಗಿದ್ದರೆ ಸಾಮಾನ್ಯವಾಗಿ ಕೊರತೆಯೆಂದು ಎಣಿಸುತ್ತಾರೆ. ಕೆರೆದ ಮೂಲೆಯ ಮಾದರಿಯನ್ನು ಬೇರೆಯಾಗಿಯೇ ಕಟ್ಟಿ. ಮಣ್ಣನ್ನು ತಗಡಿನ ಬಕೆಟ್ಟಿನಲ್ಲಿ ಬೆರೆಸದೆ ಪ್ಲಾಸ್ಟಿಕ್ ಪಾತ್ರೆಯನ್ನೇ ಬಳಸಿ. ತಗಡಿಗೆ ಬಳಿದಿರುವುದೂ ಸತುವೇ ಆದ್ದರಿಂದ ವರದಿಯಲ್ಲಿ ನಿಮ್ಮ ಗದ್ದೆಯದಲ್ಲದ ಸತುವು ಕಾಣಿಸಿಕೊಂಡೀತು.

– ಸಂಪಾದಕ