ಕಡಲ ಯಂತ್ರಕ್ಕೆ ಸಂಜೆಯೊಳಗೆ ರಿಪೇರಿ ಇಲ್ಲ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಸರ್, ಕೊಯ್ಲಿಗೆ ಯಂತ್ರ ಗೊತ್ತು ಮಾಡುವ ಹೊತ್ತಿಗೆ ಸರಿಯಾಗಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂಬ ಸುದ್ದಿ ಬರುತ್ತದೆ, ಎದೆ ಝಲ್ಲೆನ್ನುತ್ತದೆ. ಹೈದರಾಬಾದಿನಲ್ಲಿ ಓದುವ ಮಗ ಮೊಬೈಲಿನಲ್ಲಿ ಕಡಲ ನಕ್ಷೆ ತೆರೆದು ತೋರಿಸಿದ. ಅದರಲ್ಲಿ ಗಾಳಿ, ಅಲೆ ಅಳೆಯುವ ಒಂದು ಯಂತ್ರದಿಂದ ವಾರಗಟ್ಟಲೆ ಮಾಹಿತಿಯೇ ಇಲ್ಲ. ನಮ್ಮ ಪಂಪ್‌ಸೆಟ್ ಕೆಟ್ಟರೆ ಸಂಜೆಯೊಳಗೆ ಸರಿ ಮಾಡಿಸುತ್ತೇವೆ. ಸರ್ಕಾರದ ಯಂತ್ರಕ್ಕೆ ಇಷ್ಟು ದಿನ ಏಕೆ?
– ಭತ್ತದ ರೈತ, ಕಾರಟಗಿ

ಉತ್ತರ: ಯಜಮಾನರೇ, ಪಂಪ್‌ಸೆಟ್ ಇರುವಲ್ಲಿಗೆ ಮೆಕ್ಯಾನಿಕ್ ಬೈಕಿನಲ್ಲಿ ಬರುತ್ತಾನೆ. ಬಾಯ್ ಎಂದು ಕರೆಯುವ ಈ ತೇಲುವ ಯಂತ್ರದ ಬಳಿಗೆ ಹಡಗೇ ಹೋಗಬೇಕು. ನಿಮ್ಮ ಮಗ ತೋರಿಸಿದಂಥ ಬಾಯ್‌ಗಳನ್ನು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ನೋಡಿಕೊಳ್ಳುತ್ತದೆ. ಅವುಗಳ ಅಳತೆಗಳು ಉಪಗ್ರಹದ ಮೂಲಕ ದಡ ಸೇರಿ, ಕಡಲ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಕೇಂದ್ರಕ್ಕೂ ಹವಾಮಾನ ಇಲಾಖೆಗೂ ತಲುಪುತ್ತವೆ. ಕೆಟ್ಟ ಬಾಯ್ ಅನ್ನು ಅಲೆಗಳ ನಡುವೆ ನಿಂತು ಬಿಚ್ಚಿ ಸರಿಪಡಿಸುವುದು ಅಪರೂಪ. ಸಾಮಾನ್ಯವಾಗಿ ಹಳೆಯದನ್ನು ಕ್ರೇನಿನಿಂದ ಎತ್ತಿ, ಹೊಸದನ್ನು ಇಳಿಸುತ್ತಾರೆ. ಕೊಲ್ಲಿಯ ನಡುವೆ ಆಳ ಕಿಲೋಮೀಟರ್‌ಗಟ್ಟಲೆ, ಲಂಗರಿನ ಹಗ್ಗವೂ ಅಷ್ಟೇ ಉದ್ದ. ಹಡಗು ಸಿಕ್ಕಬೇಕು, ಬಿಡಿಭಾಗ ಸಿದ್ಧವಿರಬೇಕು, ಕಡಲು ಶಾಂತವಾಗಿರಬೇಕು. ಮೂರೂ ಒಟ್ಟಿಗೆ ಕೂಡಿಬರುವವರೆಗೆ ಯಂತ್ರ ಮೌನವಾಗಿಯೇ ಇರುತ್ತದೆ.

ಇನ್ನು ಅದು ಕೆಡುವುದೇಕೆ? ಮೊದಲ ಶತ್ರು ಜೀವಿಗಳು. ಬೆಚ್ಚಗಿನ ನೀರಿಗೆ ಇಳಿಸಿದ ಯಾವ ವಸ್ತುವೂ ಬಹಳ ದಿನ ಬರಿಮೈಯಲ್ಲಿ ಇರುವುದಿಲ್ಲ. ಮೊದಲು ಲೋಳೆ, ಆಮೇಲೆ ಪಾಚಿ, ಅದರ ಮೇಲೆ ಬಾರ್ನಕಲ್ ಎಂಬ ಸುಣ್ಣದ ಚಿಪ್ಪಿನ ಪ್ರಾಣಿ. ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂದು ಅಳೆದು ಲವಣಾಂಶ ಲೆಕ್ಕ ಹಾಕುವ ಸಣ್ಣ ಕೊಳವೆಯೊಂದಿದೆ. ಅದರೊಳಗೆ ಇವು ಸೇರಿದರೆ ಯಂತ್ರ ನಿಲ್ಲುವುದಿಲ್ಲ, ನಿಧಾನವಾಗಿ ಸುಳ್ಳು ಹೇಳತೊಡಗುತ್ತದೆ. ತಾಮ್ರದ ಕವಚ ಹಾಕುತ್ತಾರೆ, ಒರೆಸುವ ಬ್ರಷ್ ಕೂರಿಸುತ್ತಾರೆ. ಇವು ಕಾಟವನ್ನು ಮುಂದೂಡುತ್ತವೆ, ತಪ್ಪಿಸುವುದಿಲ್ಲ. ತವರಯುಕ್ತ ಟಿಬಿಟಿ ಬಣ್ಣ ಇದಕ್ಕೆ ರಾಮಬಾಣವಾಗಿತ್ತು, ಆದರೆ ಅದು ಚಿಪ್ಪುಜೀವಿಗಳ ಸಂತಾನವನ್ನೇ ಕೆಡಿಸುತ್ತದೆಂದು ತಿಳಿದು ಹಡಗುಗಳಿಗೆ ಅದನ್ನು ಬಳಿಯುವುದನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂತು. ಸರಿಯಾದ ನಿರ್ಧಾರ.

ಎರಡನೆಯದು ಕೊಂಡಿ. 2024ರ ಆಗಸ್ಟಿನಲ್ಲಿ ತುಂಗಭದ್ರೆಯ 19ನೇ ಗೇಟು ಕೊಚ್ಚಿಹೋದದ್ದು ಚೈನ್ ಲಿಂಕ್ ತುಂಡಾಗಿ. ಆ ನಾಲೆಯ ನೀರು ಉಣ್ಣುವ ನಿಮಗೆ ನಾನು ವಿವರಿಸಬೇಕಿಲ್ಲ. ಬಾಯ್‌ನಲ್ಲೂ ದುಬಾರಿ ಸೆನ್ಸರ್ ಚೆನ್ನಾಗಿದ್ದು, ಲಂಗರಿನ ಒಂದು ಕೊಂಡಿ ಸವೆದು ಇಡೀ ಯಂತ್ರ ತೇಲಿಹೋಗಬಹುದು. ಅದಕ್ಕಾಗಿಯೇ ಅದರ ಜಿಪಿಎಸ್ ಸ್ಥಾನವನ್ನು ದಡದಿಂದ ಸದಾ ಗಮನಿಸುತ್ತಾರೆ.

ಮೂರನೆಯವರು ಮನುಷ್ಯರು. ತೇಲುವ ವಸ್ತುವಿನ ನೆರಳಿಗೆ ಮೀನು ಸೇರುತ್ತದೆ, ಮೀನಿರುವಲ್ಲಿಗೆ ದೋಣಿ ಬರುತ್ತದೆ. ದೋಣಿಯನ್ನು ಬಾಯ್‌ಗೇ ಕಟ್ಟುತ್ತಾರೆ, ಬಲೆ ಸಿಕ್ಕಿದರೆ ಕತ್ತರಿಸುವಾಗ ಕೇಬಲ್ಲೂ ಹೋಗುತ್ತದೆ, ಕೆಲವೊಮ್ಮೆ ಸೌರಫಲಕವೇ ಮಾಯ. ಇದು ನಮ್ಮ ದೇಶದ ಕಥೆಯಷ್ಟೇ ಅಲ್ಲ. ಮೀನುಗಾರರನ್ನು ಬೈದು ಪ್ರಯೋಜನವಿಲ್ಲ ಎಂಬುದು ನನ್ನ ಅಭಿಪ್ರಾಯ. ಅಲೆಯ ಮುನ್ಸೂಚನೆಗೆ ಅದೇ ಯಂತ್ರದ ಅಳತೆ ಬೇಕು ಎಂದು ಬಂದರಿನಲ್ಲಿ ಕುಳಿತು ತಿಳಿಸಿಹೇಳಬೇಕು.

ಒಂದು ಬಾಯ್ ನಿಂತರೆ ನಿಮ್ಮ ಮುನ್ಸೂಚನೆ ಕುರುಡಾಗುವುದಿಲ್ಲ, ಉಪಗ್ರಹಗಳಿವೆ. ಆದರೆ ಉಪಗ್ರಹಕ್ಕೆ ಕಾಣುವುದು ಕಡಲಿನ ಮೇಲ್ಮೈಯ ಬಿಸಿ ಮಾತ್ರ. ಆ ಬಿಸಿ ಎಷ್ಟು ಆಳದವರೆಗೆ ಇದೆ ಎಂಬುದೇ ಚಂಡಮಾರುತಕ್ಕೆ ಬಲ ಕೊಡುವ ಸಂಗತಿ. ಅದನ್ನು ನೀರಿನೊಳಗಿಂದಲೇ ಅಳೆಯಬೇಕು.

ಹಡಗಿನ ಖರ್ಚು ಉಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಉದಾಹರಣೆ ಇದೆ. ಪೆಸಿಫಿಕ್ ಕಡಲಿನ ನೀರು ಎಂದಿಗಿಂತ ಬಿಸಿಯಾಗುವುದನ್ನು ಎಲ್ ನಿನೊ ಎನ್ನುತ್ತಾರೆ. 1982–83ರ ದೊಡ್ಡ ಎಲ್ ನಿನೊ ಬೆಳೆಯುತ್ತಿರುವುದು ಹೊತ್ತಿಗೆ ಸರಿಯಾಗಿ ಗೊತ್ತಾಗಲಿಲ್ಲವೆಂದು ಪೆಸಿಫಿಕ್‌ನ ನಡುವೆ ಸುಮಾರು 70 ಬಾಯ್‌ಗಳ ಸಾಲನ್ನು 1994ರ ಹೊತ್ತಿಗೆ ಪೂರ್ಣಗೊಳಿಸಿದರು. 2012ರಲ್ಲಿ ಅವುಗಳ ನಿರ್ವಹಣೆಗೆಂದೇ ಇದ್ದ ಹಡಗನ್ನು ವೆಚ್ಚ ಕಡಿತದ ಹೆಸರಿನಲ್ಲಿ ನಿವೃತ್ತಿಗೊಳಿಸಿದರು. 2014ರ ಆರಂಭಕ್ಕೆ ಬರಬೇಕಾದ ದತ್ತಾಂಶದಲ್ಲಿ ಸುಮಾರು ಶೇ 40 ಮಾತ್ರ ಬರುತ್ತಿತ್ತು. ಅದೇ ವರ್ಷ ಎಲ್ಲರೂ ಹೊಸ ಎಲ್ ನಿನೊಗಾಗಿ ಕಾಯುತ್ತಿದ್ದರು. ಎಲ್ ನಿನೊ ಎಂದರೆ ನಮ್ಮ ಮುಂಗಾರಿನ ಚಿಂತೆ, ಅಂದರೆ ಡ್ಯಾಮಿನ ಒಳಹರಿವಿನ ಚಿಂತೆ. ಮತ್ತೆ ಹಡಗಿನ ಏರ್ಪಾಡಾದ ಮೇಲೆ ಆ ಸಾಲು ಚೇತರಿಸಿಕೊಂಡಿತು. ಯಂತ್ರ ಖರೀದಿಗೆ ರಿಬ್ಬನ್ ಕತ್ತರಿಸುವವರು ಸಿಗುತ್ತಾರೆ, ನಿರ್ವಹಣೆಯ ಡೀಸೆಲ್ ಬಿಲ್ಲಿಗೆ ಯಾರೂ ಸಿಗುವುದಿಲ್ಲ. ನಿಮ್ಮ ಕೋಪ ತಿರುಗಬೇಕಾದದ್ದು ಅತ್ತ.

ಪ್ರಶ್ನೆ: ಕಡಲ ದತ್ತಾಂಶದ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ನಡುನಡುವೆ ಖಾಲಿ ಜಾಗಗಳಿವೆ. ಸರಾಸರಿ ಹಾಕಿ ತುಂಬಬಹುದೇ? ವಿಚಿತ್ರವಾಗಿ ಜಿಗಿಯುವ ಅಂಕಿಗಳನ್ನು ಅಳಿಸಬಹುದೇ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ರಾಯಚೂರು

ಉತ್ತರ: ಎರಡೂ ಬೇಡ, ತಂಗೀ. ಮೂಲ ಅಂಕಿಯನ್ನು ಮುಟ್ಟದೆ ಪಕ್ಕದಲ್ಲಿ ಗುರುತು ಹಾಕುವುದು ಈ ವೃತ್ತಿಯ ಪದ್ಧತಿ. ಬಹಳ ಕಡೆ ಬಳಕೆಯಲ್ಲಿರುವ ಕ್ರಮದಲ್ಲಿ 1 ಎಂದರೆ ಸರಿ, 3 ಎಂದರೆ ಅನುಮಾನ, 4 ಎಂದರೆ ತಪ್ಪು, 9 ಎಂದರೆ ಅಳತೆ ಇಲ್ಲ. ಜಿಗಿದ ಅಂಕಿಯನ್ನು ಕಂಪ್ಯೂಟರ್ ತಾನಾಗಿ ಅಳಿಸುವಂತಿದ್ದರೆ, ಚಂಡಮಾರುತ ಮೇಲೆ ಹಾದಾಗ ಕುಸಿಯುವ ವಾಯುಒತ್ತಡವನ್ನೂ ಅದು ಅಳಿಸಿಬಿಡುತ್ತದೆ. ನಮಗೆ ಬೇಕಾದದ್ದೇ ಆ ಗಳಿಗೆ. ಹಾಗೆಯೇ ನೇರ ಗೆರೆ. ಬಂದರಿನ ನೀರಿನ ಮಟ್ಟ ಗಂಟೆಗಟ್ಟಲೆ ಒಂದೇ ಇದ್ದರೆ ಯಂತ್ರ ಸತ್ತಿದೆ ಎಂದೇ ಅರ್ಥ, ಉಬ್ಬರವಿಳಿತ ಹಾಗೆ ನಿಲ್ಲುವುದಿಲ್ಲ. ಆದರೆ ಸಾವಿರ ಮೀಟರ್ ಆಳದ ಉಷ್ಣತೆ ಅಲುಗಾಡದಿದ್ದರೆ ಅದು ಸಹಜ. ಒಂದೇ ಪರೀಕ್ಷೆಯನ್ನು ಎಲ್ಲಕ್ಕೂ ಹಾಕಬೇಡಿ.

ಸಮಯವನ್ನು ಮೊದಲು ನೋಡಿ. ದತ್ತಾಂಶ ಸಾಮಾನ್ಯವಾಗಿ ವಿಶ್ವ ಸಮಯದಲ್ಲಿರುತ್ತದೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಕರಾವಳಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವೆ ಸುಮಾರು ಆರು ಗಂಟೆ. ಹೀಗಾಗಿ ವಿಶ್ವ ಸಮಯವನ್ನು ನಮ್ಮ ಸಮಯವೆಂದು ಓದುವ ಈ ಒಂದು ತಪ್ಪಿನಿಂದ ಉಬ್ಬರ ಇದ್ದಲ್ಲಿ ಇಳಿತ ಕಾಣುತ್ತದೆ, ರೇಖೆ ಮಾತ್ರ ಚೆಂದವಾಗಿಯೇ ಇರುತ್ತದೆ.

ಮುಂದೆ ಕಡಲ ಮಾಹಿತಿಯನ್ನು ಜಾಲತಾಣದಲ್ಲಿ ಕೊಡುವ ಸೇವೆ ನಡೆಸುವ ಕೆಲಸ ಸಿಕ್ಕರೆ, ಪುಟ ತೆರೆಯುತ್ತಿದೆಯೇ ಎಂದು ಮಾತ್ರ ನೋಡಿ ಸುಮ್ಮನಾಗಬೇಡಿ. ಸರ್ವರ್ ಆರೋಗ್ಯವಾಗಿದ್ದು ಮೊನ್ನೆಯ ಅಲೆಯನ್ನು ಇಂದಿನದೆಂದು ತೋರಿಸುವುದೇ ಹೆಚ್ಚು ಅಪಾಯ. ಕೊನೆಯ ಅಳತೆಯ ಹೊತ್ತು ಎಷ್ಟು ಹಳೆಯದು ಎಂಬುದರ ಮೇಲೆ ಎಚ್ಚರಿಕೆಯ ಗಂಟೆ ಕಟ್ಟಿ. ಪಾಸ್‌ವರ್ಡ್ ಒಬ್ಬರ ತಲೆಯಲ್ಲಿ ಮಾತ್ರ ಇರದಿರಲಿ.

ಪ್ರಶ್ನೆ: ಐಟಿಐ ಮುಗಿಸಿ ಬಳ್ಳಾರಿಯ ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಆಗಿದ್ದೇನೆ. ಸಮುದ್ರವನ್ನೇ ನೋಡಿಲ್ಲ. ಕಡಲ ಯಂತ್ರ ನೋಡಿಕೊಳ್ಳುವ ಕೆಲಸಕ್ಕೆ ಹೋಗಬಹುದೇ?

ಉತ್ತರ: ಧಾರಾಳವಾಗಿ, ತಮ್ಮಾ. ಒತ್ತಡ, ಮಟ್ಟ, ಉಷ್ಣತೆ ಅಳೆಯುವ ತತ್ವ ಬಾಯ್ಲರ್ ಪಕ್ಕದಲ್ಲೂ ಅದೇ. ಕಲಿಯಬೇಕಾದದ್ದು ನೀರಿನ ಒತ್ತಡ ಮತ್ತು ತುಕ್ಕು. ಪ್ರತಿ ಹತ್ತು ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ರಬ್ಬರಿನ ಓ-ರಿಂಗಿನ ಮೇಲೆ ಒಂದು ತಲೆಗೂದಲು ಉಳಿದರೂ ಉಪ್ಪುನೀರು ಒಳಗೆ ದಾರಿ ಮಾಡಿಕೊಳ್ಳುತ್ತದೆ. ಅಲ್ಯುಮಿನಿಯಂ ಪೆಟ್ಟಿಗೆಗೆ ಸ್ಟೀಲ್ ಬೋಲ್ಟನ್ನು ನೇರವಾಗಿ ಬಿಗಿದರೆ ಅಲ್ಯುಮಿನಿಯಂ ಕರಗುತ್ತಾ ಹೋಗುತ್ತದೆ. ನಡುವೆ ಪ್ಲಾಸ್ಟಿಕ್ ತೊಡಿಸಬೇಕು, ಬದಲಿಗೆ ಸವೆಯಲು ಸತುವಿನ ತುಂಡು ಕಟ್ಟಬೇಕು. ಯಾವ ಸೆನ್ಸರನ್ನು ಯಾವತ್ತು ಇಳಿಸಿದಿರಿ, ಎತ್ತಿದಾಗ ಹೇಗಿತ್ತು ಎಂದು ಫೋಟೊ ಸಮೇತ ಬರೆದಿಡುವ ಅಭ್ಯಾಸ ಮಾಡಿಕೊಳ್ಳಿ, ತೊಳೆಯುವ ಮೊದಲೇ.

ಹಡಗು ಹತ್ತುವ ಮುನ್ನ ವಾಂತಿ ತಡೆಯುವ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಹಿಂದಿನ ರಾತ್ರಿ ಮಂಡಕ್ಕಿ-ಮಿರ್ಚಿ ಬೇಡ.